ದರಕಿಗೆ ಬೆಂಕಿ, ಅಪ್ಪನಿಗೆ ಎದೆಭಾರ

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಮನೆ ಪಕ್ಕದಲ್ಲೇ ಅಕೇಶಿಯಾ ಪ್ಲಾಂಟೇಶನ್ ಇದೆ. ಫೆಬ್ರವರಿ ಬಂತೆಂದರೆ ಅದರ ಮಾಲೀಕರು ದರಕು (ಉದುರಿದ ಒಣ ಎಲೆ) ಗುಡಿಸಿ ಬೆಂಕಿ ಹಾಕುತ್ತಾರೆ. ಬೂದಿಯಿಂದ ಮಣ್ಣಿಗೆ ಶಕ್ತಿ ಬರುತ್ತದಂತೆ. ಹೋದ ವರ್ಷ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಹೊಗೆಯ ದಿನ ಅವರಿಗೆ ಏದುಸಿರು, ಎದೆ ಭಾರ. ಸಂಬಂಧ ಇದೆಯಾ, ಸುಮ್ನೆ ನನ್ನ ಭ್ರಮೆಯಾ?"

ಭ್ರಮೆಯಲ್ಲ. ಎದೆ ಭಾರವನ್ನು ಹೊಗೆಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಈ ವಾರವೇ ಅವರ ಹೃದಯದ ಡಾಕ್ಟರಿಗೆ ತಿಳಿಸಿ. ನೋವು ಬಂದು ಐದು ನಿಮಿಷಕ್ಕೂ ಇಳಿಯದಿದ್ದರೆ ನೇರವಾಗಿ ಆಸ್ಪತ್ರೆಗೆ ಹೊರಡಿ.

ದರಕಿನ ಹೊಗೆಯಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳೇ ಜಾಸ್ತಿ. ತಲೆಕೂದಲು ಇದರ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಈ ಕಣ ಶ್ವಾಸಕೋಶದ ಆಳಕ್ಕೆ ಇಳಿದು ಉರಿಯೂತ ಎಬ್ಬಿಸುತ್ತದೆ. ರಕ್ತನಾಳದ ಒಳಪದರ ಕೆಡುತ್ತದೆ, ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೊದಲೇ ಕಿರಿದಾದ ನಾಳಕ್ಕೆ ಇಷ್ಟು ಸಾಕು, ಅಲ್ವಾ? ಇಂಥ ಕಣ ಕೆಲವೇ ಗಂಟೆ ಒಳಗೆ ಹೋದರೂ ಹೃದಯಾಘಾತಕ್ಕೆ ಕಾರಣವಾಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲೇ ಹೇಳಿದೆ. ಗಾಳಿಯಲ್ಲಿ ಈ ಕಣ ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60.

ಮುಖಕ್ಕೆ ಒದ್ದೆ ಟವೆಲ್ ಕಟ್ಟಿದರೆ ಈ ಕಣ ನಿಲ್ಲುವುದಿಲ್ಲ. ಬೆಂಕಿ ಹಾಕುವ ದಿನ ಅಪ್ಪನ ವಾಕಿಂಗ್ ಬೇಡ. ಕಿಟಕಿ ಮುಚ್ಚಿಡಿ. ಚಳಿಯ ಬೆಳಗ್ಗೆ ಹೊಗೆ ಮೇಲೇರದೆ ಕಣಿವೆಯಲ್ಲೇ ಕೂರುತ್ತದೆ, ಆ ಹೊತ್ತು ಇನ್ನೂ ಕೆಟ್ಟದ್ದು.

ಇನ್ನು ಮಣ್ಣಿನ ಮಾತು. ಪಕ್ಕದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಇರುತ್ತದೆ. ಮಲೆನಾಡಿನ ಹುಳಿ ಮಣ್ಣಿಗೆ ಅದು ಒಳ್ಳೆಯದೇ. ಆದರೆ ಸಾರಜನಕ ಉಳಿಯುವುದಿಲ್ಲ, ಹೆಚ್ಚುಪಾಲು ಹೊಗೆಯ ಜೊತೆ ಹೋಗಿಬಿಡುತ್ತದೆ. ಅಕೇಶಿಯಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ವರ್ಷವಿಡೀ ಗಾಳಿಯಿಂದ ಹಿಡಿದು ಕೊಟ್ಟ ಸಾರಜನಕ ಅದು! ಉಳಿದ ಬೂದಿಯೂ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ಅಗಳದಲ್ಲಿ (ಅಂಚಿನ ಕಂದಕದಲ್ಲಿ) ಹರಿಯುವ ನೀರಿನ ಬಣ್ಣ ನೋಡಿ, ಗೊತ್ತಾಗುತ್ತದೆ.

ಸುಡದ ಜಾಗದಲ್ಲಿ ಒಮ್ಮೆ ಕೂತು ದರಕನ್ನು ಕೈಯಿಂದ ಸರಿಸಿ. ಮೇಲೆ ಗರಿಗರಿ ಒಣಗಿದ್ದು, ಅದರ ಕೆಳಗೆ ಕಪ್ಪಾಗಿ ಮೆತ್ತಗಾದದ್ದು, ನಡುವೆ ಬಿಳಿ ನೂಲಿನಂಥ ಶಿಲೀಂಧ್ರ. ತೇವ ಇದ್ದರೆ ಎರೆಹುಳುವೂ ಸಿಕ್ಕೀತು. ಫಲವತ್ತತೆ ಎಂದರೆ ಇದೇ. ಪದೇ ಪದೇ ಸುಟ್ಟ ಕಡೆ ನೆಲ ಗಟ್ಟಿಯಾಗಿ, ಮಳೆನೀರು ಇಂಗದೆ ಮೇಲೆಯೇ ಓಡುತ್ತದೆ.

ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದೀತೆಂಬ ಪ್ಲಾಂಟೇಶನ್ ಮಾಲೀಕರ ಭಯ ನನಗೂ ಅರ್ಥವಾಗುತ್ತದೆ. ಅದಕ್ಕೆ ಅಂಚಿನಲ್ಲಿ ಗುಡಿಸಿ ಬೆಂಕಿರೇಖೆ (ದರಕಿಲ್ಲದ ಖಾಲಿ ಪಟ್ಟಿ) ಬಿಟ್ಟರೆ ಸಾಕು, ಒಳಗಿನದನ್ನು ಮುಟ್ಟಬೇಕಿಲ್ಲ. ಅಂಚಿನ ದರಕನ್ನು ಕೊಟ್ಟಿಗೆಗೆ ಹಾಸಬಹುದು, ಅಡಿಕೆ ಬುಡಕ್ಕೆ ಮುಚ್ಚಬಹುದು. ಅಕೇಶಿಯಾದಲ್ಲಿ ನಾವು ಎಲೆ ಅನ್ನುವುದು ನಿಜಕ್ಕೂ ಚಪ್ಪಟೆಯಾದ ತೊಟ್ಟು. ತೊಗಲಿನಂತೆ ಗಡುಸು, ಬೇಗ ಕೊಳೆಯುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕುವಾಗ ಪದರಕ್ಕೊಮ್ಮೆ ಸಗಣಿ ಸ್ಲರಿ ಸುರಿಯಿರಿ, ನಡುನಡುವೆ ಮಗುಚಿ.

ನೀವೂ ಅಡಿಕೆ ಬೆಳೆಯುವವರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಜಗಳ ಬೇಡ. ಈ ಸಲ ಅವರು ಕಡ್ಡಿ ಗೀರುವ ಮೊದಲೇ ಹೋಗಿ, "ಗುಡಿಸಿದ ದರಕು ನಮಗೆ ಕೊಡಿ, ನಾವೇ ಹೊತ್ತುಕೊಂಡು ಹೋಗ್ತೇವೆ" ಅಂತ ಕೇಳಿ ನೋಡಿ.

– ಸಂಪಾದಕ