ರಾತ್ರಿ ಎರಡು ಗಂಟೆಯ ಕಾವಲು

ಓದುಗರ ಪತ್ರ: ಬೈಪಾಸ್ ಆಗಿ ಐದು ವಾರ. ಗಾಯ ಚೆನ್ನಾಗಿ ಒಣಗಿದೆ. ಆದರೆ ರಾತ್ರಿ ಎರಡು ಗಂಟೆಗೆ ದಿಢೀರನೆ ಎಚ್ಚರವಾಗುತ್ತದೆ. ಎದೆ ಡವಡವ, ಮೈಯೆಲ್ಲ ಬೆವರು, ಬೆರಳು ಜುಮುಜುಮು. ಈಗಲೇ ಸತ್ತುಹೋಗುತ್ತೇನೆ ಅನ್ನಿಸುತ್ತದೆ. ಎರಡು ಸಲ ಎಮರ್ಜೆನ್ಸಿಗೆ ಓಡಿದೆವು. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲ ಸರಿ ಇದೆ, ‘ಏನೂ ಇಲ್ಲ, ಟೆನ್ಷನ್ ಬಿಡಿ’ ಅಂದರು. ಎದೆ ಇಷ್ಟು ಜೋರಾಗಿ ಹೊಡೆದುಕೊಂಡರೆ ಒಳಗಿನ ಹೊಲಿಗೆ ಬಿಚ್ಚಿಹೋಗುತ್ತಾ? ನನಗೇನು ಹುಚ್ಚು ಹಿಡಿಯುತ್ತಿದೆಯಾ? (ಹೆಸರು ಬೇಡ)

ಸಂಪಾದಕರ ಉತ್ತರ:

ಹೊಲಿಗೆಯ ವಿಷಯ ಮೊದಲು ಮುಗಿಸೋಣ. ಗಾಬರಿಗೆ ಅದು ಬಿಚ್ಚುವುದಿಲ್ಲ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಹೊಲಿಗೆ ಹಾಕಿದವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಕೊಯ್ದ ಎದೆಮೂಳೆಯನ್ನು ಸಾಮಾನ್ಯವಾಗಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಮೂಳೆ ಕೂಡಿಕೊಳ್ಳುವ ತನಕ ಭಾರ ಎತ್ತುವಾಗ, ಕೈಯೂರಿ ಏಳುವಾಗ ಹುಷಾರಾಗಿದ್ದರೆ ಸಾಕು.

ಈ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಾನೂ ಕೇಳಿದ್ದೆ. ನನ್ನ ಎದೆಯ ಮೇಲೂ ಅದೇ ಗೆರೆ ಇದೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ನಿದ್ದೆ ಬರದಿದ್ದರೂ ಭಯ ಇರಲಿಲ್ಲ. ತಲೆಯ ಹತ್ತಿರ ಮಾನಿಟರ್ ಸದ್ದು ಮಾಡುತ್ತಿತ್ತು, ಸಿಸ್ಟರ್ ಆಗಾಗ ಬಂದು ನೋಡಿ ಹೋಗುತ್ತಿದ್ದರು. ಮನೆಗೆ ಬಂದ ರಾತ್ರಿ, ಎಲ್ಲರೂ ಮಲಗಿದ ಮೇಲೆ ಹೊಳೆಯಿತು: ಈಗ ಕಾವಲಿಗೆ ಯಾರೂ ಇಲ್ಲ. ಅವತ್ತಿನಿಂದ ಆ ಡ್ಯೂಟಿ ನನ್ನದೇ ಆಯಿತು. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡು ಕತ್ತಲಲ್ಲಿ ಕೂತಿರುತ್ತಿದ್ದೆ. 97 ಬಂದರೆ ಸಮಾಧಾನ. ಎರಡು ನಿಮಿಷ ಬಿಟ್ಟು ನೋಡಿದರೆ 95. ಅಯ್ಯೋ, ಎರಡು ಇಳಿಯಿತಲ್ಲ! ಕೈ ತಣ್ಣಗಿದ್ದರೂ, ಬೆರಳು ಅಲುಗಿದರೂ ಆ ಅಂಕಿ ಹೀಗೆ ಆಟ ಆಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಆಪರೇಷನ್ ನಿಮ್ಮ ಒಳ್ಳೆಯದಕ್ಕೇ ಆಗಿದ್ದು ಅನ್ನೋದು ನಿಮಗೆ ಗೊತ್ತು, ಮೈಗೆ ಗೊತ್ತಿಲ್ಲ. ಅದರ ಪಾಲಿಗೆ ಅದೊಂದು ದೊಡ್ಡ ಪೆಟ್ಟು. ಇನ್ನೊಂದು ಪೆಟ್ಟು ಬೀಳುತ್ತೇನೋ ಅಂತ ಅದು ಕಿವಿ ನಿಮಿರಿಸಿಕೊಂಡೇ ಮಲಗಿರುತ್ತದೆ. ಸುಮ್ನೆ ಒಂದು ಚಳುಕು ಬಂದರೂ ಸಾಕು, ಅಡ್ರಿನಲಿನ್ ಹರಿದು ಬಡಿತ ಏರುತ್ತದೆ. ಉಸಿರು ಸಾಲದು ಅನ್ನಿಸಿ ನಾವು ಜೋರು ಜೋರಾಗಿ ಎಳೆದುಕೊಳ್ಳುತ್ತೇವೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಮ್ಲಜನಕ ಅಲ್ಲ. ಬೆರಳು ಜುಮುಗುಟ್ಟುವುದು, ತುಟಿ ಸುತ್ತ ಮರಗಟ್ಟುವುದು, ತಲೆ ಹಗುರಾಗುವುದು ಎಲ್ಲ ಹೆಚ್ಚಾಗಿ ಅದರಿಂದಲೇ. ಇದಕ್ಕೆ ಪ್ಯಾನಿಕ್ ಅಂತ ಹೆಸರು. ಹುಚ್ಚು ಖಂಡಿತ ಅಲ್ಲ. ‘ಟೆನ್ಷನ್ ಬಿಡಿ’ ಅಂದವರ ಮೇಲೆ ನನಗೂ ಸಿಟ್ಟಿದೆ. ಅದೇನು ಕೈಯಲ್ಲಿ ಹಿಡಿದ ಚೀಲವೇ, ಕೆಳಗಿಡೋಕೆ?

ಮುಂದಿನ ಸಲ ಎಚ್ಚರವಾದಾಗ ಎದ್ದು ಕೂತು ಗಡಿಯಾರ ನೋಡಿ. ಕೆಮ್ಮುವಾಗ ಎದೆಗೆ ಒತ್ತಿ ಹಿಡಿಯುತ್ತೀರಲ್ಲ, ಆ ದಿಂಬನ್ನೇ ಅಪ್ಪಿಕೊಳ್ಳಿ. ದೀರ್ಘವಾಗಿ ಉಸಿರೆಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಎದೆ ಕೊಯ್ಸಿಕೊಂಡವರಿಗೆ ಅದು ನೋಯುತ್ತದೆ, ನೋವಿಗೆ ಭಯ ಇನ್ನೂ ಜಾಸ್ತಿ. ಹಾಗಾಗಿ ಎಷ್ಟು ಹಿತವೋ ಅಷ್ಟೇ ಎಳೆದುಕೊಳ್ಳಿ. ಬಿಡುವುದನ್ನು ಮಾತ್ರ ನಿಧಾನ ಮಾಡಿ, ಬಿಸಿ ಲೋಟಕ್ಕೆ ಊದಿ ಆರಿಸುವ ಹಾಗೆ. ಒಳಗೆ ಮೂರು ಎಣಿಸಿದರೆ ಹೊರಗೆ ಆರು. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ಏರುವಷ್ಟು ಏರಿ, ಆಮೇಲೆ ಇಳಿಯತೊಡಗುತ್ತದೆ. ಹಳೆಯ ಕ್ಯಾಲೆಂಡರಿನ ಹಿಂದೆ ನಾನು ಗೀಚಿಟ್ಟದ್ದು ಇನ್ನೂ ಇದೆ: ‘2.10 ಶುರು. 2.18 ತಡೆಯೋಕಾಗ್ತಿಲ್ಲ. 2.35 ಆಕಳಿಕೆ.’

ಆದರೆ ಎಲ್ಲವನ್ನೂ ಪ್ಯಾನಿಕ್ ಖಾತೆಗೆ ಹಾಕಬೇಡಿ. ಕೂತರೂ ಇಳಿಯದ ಏದುಸಿರು, ಕೈಗೋ ದವಡೆಗೋ ಹರಡುವ ಎದೆನೋವು, ತಲೆಸುತ್ತಿ ಬೀಳುವುದು, ನಾಡಿ ತಾಳ ತಪ್ಪುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು: ಇವಕ್ಕೆ ಕಾಯಬಾರದು, ಮೂರನೆಯ ಸಲವಾದರೂ ನಾಚಿಕೆ ಬಿಟ್ಟು ಓಡಿ. ಜ್ವರ, ಗಾಯದಲ್ಲಿ ಕೀವು, ಎದೆಮೂಳೆ ಕಟಕಟ ಅನ್ನುವುದು ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಯಾರದೋ ನಿದ್ದೆ ಮಾತ್ರೆ ತಗೊಳ್ಳಬೇಡಿ. ಜೋರಾದ ನೋವಿನ ಮಾತ್ರೆಯ ಜೊತೆ ಸೇರಿದರೆ ಉಸಿರಾಟವೇ ಮಂದವಾಗಬಹುದು. ಹೃದಯದ ಮಾತ್ರೆಗಳನ್ನು ನೀವಾಗೇ ನಿಲ್ಲಿಸಬೇಡಿ. ಮುಂದಿನ ಭೇಟಿಯಲ್ಲಿ ‘ನಿದ್ದೆ ಸರಿಯಿಲ್ಲ’ ಅಂತ ತೇಲಿಸದೆ, ನನಗೆ ಬರೆದದ್ದನ್ನೇ ಸರ್ಜನ್‌ಗೂ ಹೇಳಿ. ಮನೋವೈದ್ಯರ ಹತ್ತಿರ ಕಳಿಸಿದರೆ ಹೋಗಿ. ಮಾತಿನ ಚಿಕಿತ್ಸೆ ಇದೆ, ಚಟವಾಗದ ಮಾತ್ರೆಗಳೂ ಇವೆ. ಅವು ಹಿಡಿಯೋಕೆ ಕೆಲವು ವಾರ ಬೇಕು, ಅಷ್ಟೆ.

ಇನ್ನು ಆ ಕಾವಲು. ನಿಮ್ಮ ಹತ್ತಿರವೂ ಆಕ್ಸಿಮೀಟರೋ ಬಿಪಿ ಮೆಷಿನ್ನೋ ಇದ್ದರೆ ಮನೆಯವರ ಕೈಗೆ ಕೊಡಿ. ಡಾಕ್ಟರ್ ಹೇಳಿದಷ್ಟು ಸಲ ಅವರೇ ನೋಡಿ ಬರೆದಿಡಲಿ. ನನ್ನದನ್ನು ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮೂರು ರಾತ್ರಿ ಕೀ ಎಲ್ಲಿ ಅಂತ ಅವಳನ್ನು ಎಬ್ಬಿಸಿ ಜಗಳ ಆಡಿದೆ. ನಾಲ್ಕನೆಯ ರಾತ್ರಿಯೂ ಎಚ್ಚರವಾಯಿತು. ಅವಳನ್ನು ಎಬ್ಬಿಸಲಿಲ್ಲ.