ಮರುಯೋಚನೆಗೆ ಎಡೆ ಕೊಡದ ಆಯುಧಗಳು

ಯುದ್ಧದಲ್ಲೂ ಸಮಾಜದಲ್ಲೂ ಆಧುನಿಕ ಆಯುಧಗಳ ಬಳಕೆಯ ಬಗ್ಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಮೂರಕ್ಕೆ, ಯುದ್ಧ ಕಾನೂನನ್ನು ಬಹುಕಾಲ ಬೋಧಿಸಿದ ಮೈಸೂರಿನ ನಿವೃತ್ತ ಪ್ರಾಧ್ಯಾಪಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ನಮ್ಮ ಕಬ್ಬಿನ ಗದ್ದೆಗೆ ಈಗ ಡ್ರೋನ್‌ನಲ್ಲೇ ಔಷಧಿ ಹೊಡೆಸುತ್ತೇವೆ. ಎಂಜಿನಿಯರಿಂಗ್ ಮುಗಿಸಿದ ನನ್ನ ಮಗಳಿಗೆ ಬೆಂಗಳೂರಿನಲ್ಲಿ ಸೇನೆಗೆ ಡ್ರೋನ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಗುರಿಯನ್ನು ಯಂತ್ರವೇ ಗುರುತಿಸುವಂತೆ ಮಾಡುವುದು ಅವಳ ಕೆಲಸವಂತೆ. ದೇಶದ ಕೆಲಸ ಹೋಗು ಎನ್ನಲೇ, ಬೇಡ ಎನ್ನಲೇ ತಿಳಿಯುತ್ತಿಲ್ಲ.

ಉತ್ತರ: ಆ ಕೆಲಸಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಹೋಗುವ ಮುನ್ನ ನಿಮ್ಮ ಮಗಳು ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳಬೇಕು: ಯಂತ್ರ ಗುರಿಯನ್ನು ತೋರಿಸಿದ ಮೇಲೆ ಹೊಡೆಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು, ಮತ್ತು ಆ ತೀರ್ಮಾನಕ್ಕೆ ಅವರಿಗೆ ಎಷ್ಟು ಹೊತ್ತು ಸಿಗುತ್ತದೆ.

ಇದು ಏಕೆ ಮುಖ್ಯವೆಂದು ತಿಳಿಯಲು ಯುದ್ಧಭೂಮಿಗೆ ಹೋಗಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಳ್ಳಿಯೊಂದರಲ್ಲಿ, ಕಾಡುಹಂದಿಗೆಂದು ಯಾರೋ ಹಿಟ್ಟಿನ ಉಂಡೆಯೊಳಗೆ ಇಟ್ಟಿದ್ದ ಸಿಡಿಮದ್ದನ್ನು ಕಚ್ಚಿದ ಹಸುವೊಂದನ್ನು ನಾನು ನೋಡಿದೆ. ಅದರ ಕೆಳದವಡೆ ಸೀಳಿಹೋಗಿತ್ತು. ಮನೆಯಾಕೆ ಕಲಗಚ್ಚಿನ ಬಾನಿಯನ್ನು ಮುಂದಿಟ್ಟರೆ ಅದು ಬಾಯಾರಿಕೆಗೆ ಮೂತಿಯನ್ನು ಅದ್ದುತ್ತಿತ್ತು, ಹೀರಲಾಗದೆ ತಲೆಯೆತ್ತುತ್ತಿತ್ತು, ಮತ್ತೆ ಅದ್ದುತ್ತಿತ್ತು. ಬಾನಿಯ ನೀರು ಕೆಂಪಾಗುತ್ತಿತ್ತು. ಮದ್ದು ಇಟ್ಟವನಿಗೆ ಆ ಹಸುವಿನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅದು ಸಿಡಿಯುವ ಹೊತ್ತಿಗೆ ಅವನು ಅಲ್ಲಿರಲಿಲ್ಲ, ಅಷ್ಟೆ.

ನೆಲಬಾಂಬ್ ಮಾಡುವುದೂ ಇದನ್ನೇ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ಬಳಿಕ ಪಶ್ಚಿಮದ ಗಡಿಯುದ್ದಕ್ಕೂ ಹೂತಿಟ್ಟ ನೆಲಬಾಂಬ್‌ಗಳಿಂದ ನಮ್ಮದೇ ಸೈನಿಕರೂ ಗಡಿಯ ರೈತರೂ ಸತ್ತರು, ಕಾಲು ಕಳೆದುಕೊಂಡರು. ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬ್‌ಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ, ಪಾಕಿಸ್ತಾನ, ಚೀನಾ, ರಷ್ಯಾ, ಅಮೆರಿಕ ಸೇರಿಲ್ಲ. ಸೇರಿದ್ದ ಫಿನ್‌ಲೆಂಡ್, ಪೋಲೆಂಡ್ ಹಾಗೂ ಮೂರು ಬಾಲ್ಟಿಕ್ ದೇಶಗಳು ರಷ್ಯಾದ ಭಯದಿಂದ ಹೊರಬರಲು 2025ರಲ್ಲಿ ನಿರ್ಧರಿಸಿದವು. ಅವರ ಭಯ ನಿಜವಾದದ್ದೇ ಇರಬಹುದು; ಆದರೂ ಇದು ನನ್ನನ್ನು ಬಹಳ ನೋಯಿಸಿದ ಸುದ್ದಿ.

ಇದಕ್ಕೆ ಎದುರಾಗಿ, ಆಯುಧದ ಹಿಂದೆ ಯೋಚಿಸುವ ಮನುಷ್ಯನೊಬ್ಬ ಇದ್ದಾಗ ಏನಾಗಬಹುದು ಎಂಬುದಕ್ಕೆ 1983ರ ಸೆಪ್ಟೆಂಬರ್ 26ರ ರಾತ್ರಿಯನ್ನು ನೆನೆಯಬೇಕು. ಅಮೆರಿಕದಿಂದ ಮೊದಲು ಒಂದು, ಬಳಿಕ ಇನ್ನೂ ನಾಲ್ಕು ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್, ಅಣುಯುದ್ಧ ಆರಂಭಿಸುವವರು ಐದೇ ಕ್ಷಿಪಣಿ ಕಳುಹಿಸುವರೇ ಎಂದು ಸಂಶಯಪಟ್ಟು, ಅದನ್ನು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಮೋಡಗಳ ನೆತ್ತಿಯಲ್ಲಿ ಹೊಳೆದ ಬಿಸಿಲನ್ನೇ ಯಂತ್ರ ಕ್ಷಿಪಣಿಯ ಬೆಂಕಿಯೆಂದು ತಿಳಿದಿತ್ತು. ಅಂದು ಸಂಶಯಪಡುವ ಶಕ್ತಿ ಇದ್ದದ್ದು ಆ ಮನುಷ್ಯನಿಗೆ ಮಾತ್ರ.

ಆದರೆ ಮನುಷ್ಯ ಇದ್ದಮಾತ್ರಕ್ಕೆ ಸಾಲದು. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಅಮೆರಿಕದ ಡ್ರೋನ್ ಒಂದು ಕಾರಿಗೆ ಕ್ಷಿಪಣಿ ಬಿಟ್ಟಾಗ ಹತ್ತು ಮಂದಿ ನಾಗರಿಕರು ಸತ್ತರು; ಅವರಲ್ಲಿ ಏಳು ಮಕ್ಕಳು. ಗಂಟೆಗಟ್ಟಲೆ ಆ ಕಾರನ್ನು ಹಿಂಬಾಲಿಸಿ ನೋಡಿದ್ದವರು ಮನುಷ್ಯರೇ. ಕಾರಿಗೆ ತುಂಬಿದ ನೀರಿನ ಕ್ಯಾನುಗಳು ಅವರ ಕಣ್ಣಿಗೆ ಸ್ಫೋಟಕಗಳಾಗಿ ಕಂಡವು. ತಪ್ಪಾಯಿತೆಂದು ಅಮೆರಿಕದ ಸೇನೆ ಮೂರು ವಾರದೊಳಗೆ ಒಪ್ಪಿಕೊಂಡಿತಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಇಷ್ಟಾದರೂ, ಯಾರು ನೋಡಿದರು, ಯಾರು ಅಪ್ಪಣೆ ಕೊಟ್ಟರು ಎಂದು ಅಲ್ಲಿ ಕೇಳಲು ಸಾಧ್ಯವಿತ್ತು. ತೀರ್ಮಾನವನ್ನೂ ಯಂತ್ರಕ್ಕೇ ಬಿಟ್ಟರೆ ಆ ಪ್ರಶ್ನೆಯನ್ನು ಯಾರ ಮುಂದಿಡುವುದು?

ತೊಂದರೆಯೆಂದರೆ, ಯುದ್ಧದ ಒತ್ತಡವೇ ನಮ್ಮನ್ನು ಆ ಕಡೆಗೆ ತಳ್ಳುತ್ತಿದೆ. ಯುಕ್ರೇನ್ ಯುದ್ಧದಲ್ಲಿ ಎದುರಾಳಿ ರೇಡಿಯೋ ಸಂಪರ್ಕವನ್ನು ಕೆಡಿಸಿದರೆ ಡ್ರೋನ್ ತನ್ನನ್ನು ನಡೆಸುವವನ ಕೈತಪ್ಪುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಗುರಿಯನ್ನು ಹಿಡಿದು ಹೊಡೆಯುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ಹೆಚ್ಚುತ್ತಿದೆ. ಇದನ್ನು ಕಾನೂನಿನಿಂದ ತಡೆಯಲಾಗದು ಎನ್ನುವವರಿಗೆ ನಾನು 1995ರ ಉದಾಹರಣೆ ಕೊಡುತ್ತೇನೆ. ಸೈನಿಕರ ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಆಯುಧಗಳನ್ನು, ಅವು ಯುದ್ಧಕ್ಕೆ ಇಳಿಯುವ ಮೊದಲೇ, ಜಗತ್ತು ಒಪ್ಪಂದದ ಮೂಲಕ ನಿಷೇಧಿಸಿತು, ಭಾರತವೂ ಅದರಲ್ಲಿದೆ. ಗುರಿಯನ್ನು ತಾವೇ ಆರಿಸಿ ಹೊಡೆಯುವ ಸ್ವಯಂಚಾಲಿತ ಮಾರಕಾಯುಧಗಳ ವಿಷಯದಲ್ಲಿ ಮಾತ್ರ, ಅವು ತರುವ ಸಮಸ್ಯೆಗಳತ್ತ ಜಗತ್ತು ತುರ್ತಾಗಿ ಗಮನ ಕೊಡಬೇಕೆಂದು 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದ ನಿರ್ಣಯಕ್ಕೆ 152 ದೇಶಗಳು ಒಪ್ಪಿದಾಗ ವಿರುದ್ಧ ಮತ ಹಾಕಿದ ನಾಲ್ಕರಲ್ಲಿ ನಮ್ಮದೂ ಒಂದು. ಜಿನೀವಾದಲ್ಲಿ ಈಗಾಗಲೇ ನಡೆಯುತ್ತಿರುವ ಮಾತುಕತೆಯೇ ಇದಕ್ಕೆ ಸರಿಯಾದ ವೇದಿಕೆ ಎಂಬುದು ನಮ್ಮ ಸರ್ಕಾರದ ವಾದ. ಇಬ್ಬರು ನೆರೆಯವರ ನಡುವೆ ಇರುವ ದೇಶದ ಚಿಂತೆ ನನಗೆ ಅರ್ಥವಾಗುತ್ತದೆ. ಆದರೂ ಆ ಮತವನ್ನು ನಾನು ಒಪ್ಪಲಾರೆ.

ಹಾಗಾಗಿ ನಿಮ್ಮ ಮಗಳು ಕಂಪನಿಯವರನ್ನು ಧೈರ್ಯವಾಗಿ ಕೇಳಲಿ. ಸಂಪರ್ಕ ಕಡಿದರೆ ಡ್ರೋನ್ ಹಿಂತಿರುಗುತ್ತದೆಯೋ, ಹೊಡೆಯುತ್ತದೆಯೋ? ನಡೆಸುವವನಿಗೆ ನೋಡಿ ತೂಗಲು ಸಮಯ ಇದೆಯೋ, ಅಥವಾ ಅವನು ಕಣ್ಣುಮುಚ್ಚಿ ರುಜು ಹಾಕುವವನೋ? ಯಂತ್ರಕ್ಕೆ ಕಲಿಸಲು ಬಳಸುವ ಚಿತ್ರಗಳಲ್ಲಿ ಬಂದೂಕು ಹಿಡಿದ ಸೈನಿಕನ ಜೊತೆಗೆ, ಹೆಗಲ ಮೇಲೆ ಹಾರೆ ಇಟ್ಟುಕೊಂಡು ನೀರು ಕಟ್ಟಲು ಹೊರಟ ನಿಮ್ಮಂಥ ರೈತರೂ ಇದ್ದಾರೆಯೇ? ಇಂಥ ಪ್ರಶ್ನೆ ಕೇಳುವವರು ಆ ಕೋಣೆಯಲ್ಲಿ ಇರಬೇಕೆಂಬ ಕಾರಣಕ್ಕೇ ನಾನು ಹೋಗು ಎನ್ನುತ್ತೇನೆ. ಉತ್ತರವೇ ಸಿಗದಿದ್ದರೆ ಕೆಲಸ ಬಿಟ್ಟು ಬರುವುದು ದೇಶಕ್ಕೆ ಮಾಡುವ ದ್ರೋಹವಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣಕ್ಕೆ ಹೋದಾಗ, ಇಂದಿನ ಕ್ಷಿಪಣಿಗಳ ತಾಯಿಬೇರು ಮೈಸೂರಿನ ರಾಕೆಟ್ ಎಂದು ಗೈಡ್ ಹೇಳಿದರು. ಕೊಲ್ಲುವ ವಸ್ತುವಿನ ಬಗ್ಗೆ ಹೆಮ್ಮೆ ಪಡಬಹುದೇ? (ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಕೈಚಳಕದ ಬಗ್ಗೆ ಹೆಮ್ಮೆ ಪಡಬಹುದು. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ಬಿಗಿಯಾಗಿ ತುಂಬಿದ್ದರಿಂದ ಒತ್ತಡ ಹೆಚ್ಚಿ, ಹೈದರ್ ಮತ್ತು ಟಿಪ್ಪು ಕಾಲದ ನಮ್ಮ ರಾಕೆಟ್‌ಗಳು ಆಗಿನ ಬೇರೆಯವುಗಳಿಗಿಂತ ದೂರ ಹೋಗುತ್ತಿದ್ದವು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬತ್ತಿದ ಬಾವಿಯೊಂದರಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು.

ಆದರೆ ಗೈಡ್ ಹೇಳಿದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು; ಅಲ್ಲಿನ ಆಯುಧ ತಜ್ಞ ವಿಲಿಯಂ ಕಾಂಗ್ರೀವ್ ಅವುಗಳನ್ನು ಮಾದರಿಯಾಗಿಟ್ಟುಕೊಂಡು ತನ್ನ ರಾಕೆಟ್ ರೂಪಿಸಿದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಬಾಂಬುಗಳ ಜೊತೆಗೆ ಅವನ್ನೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರದ ಮೇಲೆ ಹಾರಿಸಿದರು. ನಗರದ ದೊಡ್ಡ ಭಾಗ ಸುಟ್ಟಿತು, ಮನೆಗಳಲ್ಲಿದ್ದ ಜನ ಸತ್ತರು. ಕೋಟೆಯನ್ನು ಉಳಿಸಿಕೊಳ್ಳಲೆಂದು ಕಾವೇರಿ ದಡದಲ್ಲಿ ಹುಟ್ಟಿದ ಕಸುಬು, ಆ ಕೋಟೆ ಬಿದ್ದ ಎಂಟೇ ವರ್ಷದಲ್ಲಿ, ಮೈಸೂರಿನ ಹೆಸರನ್ನೂ ಕೇಳಿರದ ಮಕ್ಕಳ ಮನೆಯನ್ನು ಸುಟ್ಟಿತು. ಆಯುಧ ಮಾಡಿದವನ ಉದ್ದೇಶ ಆಯುಧದ ಜೊತೆ ಪ್ರಯಾಣ ಮಾಡುವುದಿಲ್ಲ. ಮುಂದಿನ ಸಲ ನಿಮ್ಮ ಗೆಳತಿಯರಿಗೆ ಶಸ್ತ್ರಾಗಾರ ತೋರಿಸುವಾಗ ಕೋಪನ್‌ಹೇಗನ್ನಿನ ಆ ರಾತ್ರಿಗಳನ್ನೂ ಹೇಳಿ.

ಪ್ರಶ್ನೆ: ಬೆಳೆಗೆ ಹಂದಿ ಬೀಳುತ್ತದೆಂದು ತಂದೆಯವರು ಪರವಾನಗಿ ಪಡೆದು ಜೋಡಿ ನಳಿಗೆಯ ಬಂದೂಕು ಇಟ್ಟಿದ್ದರು. ಈಗ ಅವರು ತೀರಿಕೊಂಡಿದ್ದಾರೆ. ಕಳ್ಳಕಾಕರ ಭಯಕ್ಕೆ ಮನೆಯಲ್ಲೇ ಇರಲಿ ಎಂದು ತಮ್ಮ ಹೇಳುತ್ತಾನೆ. ಏನು ಮಾಡಲಿ? (ಗೃಹಿಣಿ, ಮದ್ದೂರು)

ಉತ್ತರ: ಪರವಾನಗಿ ನಿಮ್ಮ ತಂದೆಯವರ ಹೆಸರಿನಲ್ಲಿದ್ದುದರಿಂದ ಆ ಬಂದೂಕನ್ನು ಹಾಗೆಯೇ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧವಾಗುತ್ತದೆ. ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಡಿ. ವಾರಸುದಾರರು ಬಯಸಿದರೆ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು, ಇಲ್ಲವೇ ಮಾರಬಹುದು.

ನನ್ನನ್ನು ಕೇಳಿದರೆ, ಮಾರಿಬಿಡಿ. ನಡುರಾತ್ರಿ ನುಗ್ಗಿದ ಕಳ್ಳನ ಎದುರು ಬೀರುವಿನಿಂದ ಬಂದೂಕು ತೆಗೆದು, ತೋಟಾ ತುಂಬಿ ನಿಲ್ಲುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಕುಡಿದು ಜಗಳವಾಡಿದ ಸಂಜೆ, ಸಾಲದಲ್ಲಿ ಮುಳುಗಿ ಬದುಕೇ ಬೇಡವೆನಿಸಿದ ಗಳಿಗೆ, ದೊಡ್ಡವರಿಲ್ಲದ ಮಧ್ಯಾಹ್ನ ಬೀಗದಕೈ ಹುಡುಕಿದ ಮಕ್ಕಳು: ಮನೆಯ ಬಂದೂಕು ಸಿಡಿಯುವ ಸಂದರ್ಭಗಳು ಹೆಚ್ಚಾಗಿ ಇವೇ. ಬದುಕು ಬೇಡವೆಂದು ಬೇರೆ ದಾರಿ ಹಿಡಿದವರನ್ನು ಆಸ್ಪತ್ರೆಗೆ ಸೇರಿಸಿ ಎಷ್ಟೋ ಸಲ ಉಳಿಸಿಕೊಳ್ಳುತ್ತೇವೆ. ಬಂದೂಕಿಗೆ ಕೈಹಾಕಿದವರು ಉಳಿಯುವುದು ಅಪರೂಪ. ಠಾಣೆಗೆ ಒಯ್ಯುವಾಗ ತಂದೆಯವರ ಮೂಲ ಪರವಾನಗಿ ಪತ್ರ, ಮರಣ ಪ್ರಮಾಣಪತ್ರ ಹಾಗೂ ಅಟ್ಟದ ಮೇಲೋ ಪೆಟ್ಟಿಗೆಯಲ್ಲೋ ಉಳಿದಿರುವ ಎಲ್ಲ ತೋಟಾಗಳನ್ನೂ ಎಣಿಸಿ ಜೊತೆಗೆ ಕೊಟ್ಟು, ರಸೀದಿ ಪಡೆದುಕೊಳ್ಳಿ.