ಮೈಕ್ ಬದಲಿಸುವ ಮೊದಲು ಗಿಟಾರ್ ಕಡಿಮೆ ಮಾಡಿ

ನಿಮ್ಮ ಪತ್ರ ಓದಿದೆ. ನಾಲ್ವರು ಸೇರಿ ಸ್ವಂತ ಹಾಡು ಕಟ್ಟಿದ್ದೀರಿ, ಪ್ರಾಕ್ಟೀಸಲ್ಲಿ ಮೈ ಜುಮ್ಮೆನ್ನುತ್ತದೆ, ರೆಕಾರ್ಡ್ ಮಾಡಿ ಕೇಳಿದರೆ ಎಲ್ಲ ಕಲಸುಮೇಲೋಗರ, ಸಾಹಿತ್ಯವೇ ಕೇಳಿಸುವುದಿಲ್ಲ. ಹೊಸ ಮೈಕ್ ಕೊಳ್ಳಬೇಕಾ, ಕ್ಲಿಕ್ (ವೇಗ ತಪ್ಪದಂತೆ ಕಿವಿಯಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡೇ ನುಡಿಸಬೇಕಾ, ಹಾಡು ಯಾರ ಹೆಸರಲ್ಲಿರಬೇಕು ಅಂತ ಕೇಳಿದ್ದೀರಿ.

ಮೈಕ್ ಸದ್ಯಕ್ಕೆ ಬೇಡ. ಗಿಟಾರಿನವರಿಬ್ಬರೂ ಶುರುವಿನಿಂದ ಕೊನೆವರೆಗೆ ಒಂದೇ ಸ್ವರಗುಚ್ಛಗಳನ್ನು, ಅಂದರೆ ಕಾರ್ಡ್‌ಗಳನ್ನು ಬಾರಿಸುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಪ್ರಾಕ್ಟೀಸ್ ಮಾಡುವಾಗ ಹಾಡುವವರ ಬಾಯಿ ಕಾಣುತ್ತದೆ, ಸಾಲುಗಳು ನಿಮಗೆ ಬಾಯಿಪಾಠ, ಹಾಗಾಗಿ ಕೇಳಿಸದೆ ಹೋದ ಪದವನ್ನೂ ಮನಸ್ಸೇ ತುಂಬಿಕೊಳ್ಳುತ್ತದೆ. ಹೊಸಬರಿಗೆ ಆ ಅನುಕೂಲ ಇಲ್ಲ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 2,000ದಿಂದ 4,000 ಹರ್ಟ್ಸ್ ನಡುವೆ, ಡಿಸ್ಟಾರ್ಷನ್ ಹಾಕಿ ದನಿ ಒರಟು ಮಾಡಿದ ಗಿಟಾರ್ ಕೂಡ ಅಲ್ಲೇ ಬಂದು ಕೂರುತ್ತದೆ. ಚರಣದಲ್ಲಿ ಒಬ್ಬರು ಸುಮ್ನಿರಲಿ, ಇಲ್ಲಾಂದ್ರೆ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಸ್ವರ ಏರಿಸುವ ಕ್ಲಿಪ್) ಹಾಕಿ ಮೇಲಿನ ಸ್ವರಗಳಲ್ಲಿ ನುಡಿಸಲಿ. ಪಲ್ಲವಿಗೆ ಇಬ್ಬರೂ ಸೇರಿದಾಗ ತಾನಾಗೇ ಹಾಡು ಎದ್ದು ನಿಲ್ಲುತ್ತದೆ. ಹಾಗೇ ಸಾಹಿತ್ಯವನ್ನೂ ಒಮ್ಮೆ ನೋಡಿ: ರಾಗಕ್ಕೆ ಹೊಂದಿಸಲು ಹ್ರಸ್ವವನ್ನು ಎಳೆದು ದೀರ್ಘ ಮಾಡಿದ ಕಡೆಯೆಲ್ಲ ಕೇಳುಗರು ಎಡವುತ್ತಾರೆ.

ಇನ್ನು ಕ್ಲಿಕ್. ಎಲ್ಲರೂ ಒಟ್ಟಿಗೆ ಕೂತು ಒಂದೇ ಟೇಕಲ್ಲಿ ನುಡಿಸುವುದಾದರೆ ಅದು ಕಡ್ಡಾಯ ಅಲ್ಲ. ಒಬ್ಬೊಬ್ಬರದ್ದೇ ಬೇರೆ ಬೇರೆ ರೆಕಾರ್ಡ್ ಮಾಡುವುದಾದರೆ ಬೇಕೇ ಬೇಕು. ಡ್ರಮ್ಮರ್ ಮುನಿಸಿಕೊಳ್ತಾರೆ ಅಂದಿರಿ. ಮುನಿಸಿಕೊಳ್ಳದ ಡ್ರಮ್ಮರನ್ನು ನಾನಂತೂ ನೋಡಿಲ್ಲ. ವೇಗ ಗೊತ್ತು ಮಾಡುವಾಗ ಇಂಟ್ರೋ ನಂಬಬೇಡಿ, ಅಲ್ಲಿ ಎಲ್ಲರಿಗೂ ಹುಮ್ಮಸ್ಸು ಜಾಸ್ತಿ. ಪಲ್ಲವಿ ಹಾಡಿಸಿ ನೋಡಿ. ನಿಮಿಷಕ್ಕೆ 96 ಬಡಿತ, ಅಂದರೆ 96 ಬಿಪಿಎಮ್‌ನಲ್ಲಿ ಉಸಿರು ಸಾಲದ ಸಾಲು 92ಕ್ಕೆ ಇಳಿಸಿದರೆ ಸಲೀಸಾಗಿ ಬರಬಹುದು. ಆಮೇಲೆ ಆ ಕ್ಲಿಕ್ ಮೇಲೆ ಒಂದು ಗಿಟಾರ್, ಒಂದು ದನಿ ಇಟ್ಟು ಒರಟಾಗಿ ಗೈಡ್ ಟ್ರ್ಯಾಕ್, ಅಂದರೆ ಉಳಿದವರು ಕೇಳಿಕೊಂಡು ನುಡಿಸಲು ಒಂದು ಮಾದರಿ, ಮಾಡಿಕೊಳ್ಳಿ. ಡ್ರಮ್ಮರ್ ನುಡಿಸುವುದು ಅದನ್ನು ಕೇಳಿಕೊಂಡು, ಬರೀ ಟಿಕ್ ಟಿಕ್ ಕೇಳಿಕೊಂಡಲ್ಲ, ಆಗ ಮುನಿಸೂ ಅರ್ಧ ಇಳಿಯುತ್ತದೆ. ಡ್ರಮ್ಸ್ ಆದಮೇಲೆ ಬೇಸ್, ಗಿಟಾರ್, ಕೊನೆಗೆ ಹಾಡು. ಪ್ರತಿ ಟೇಕಿಗೂ ಮುಂಚೆ ಶ್ರುತಿ ನೋಡಿಕೊಳ್ಳಿ.

ಹಾಡುವವರು ಈಗಿರುವ ಮೈಕಿನಿಂದಲೇ ಒಂದು ಗೇಣು ದೂರ ನಿಲ್ಲಲಿ, ನಡುವೆ ಪಾಪ್ ಫಿಲ್ಟರ್ (ಪ, ಬ ಅನ್ನುವಾಗ ನುಗ್ಗುವ ಗಾಳಿ ತಡೆಯುವ ಜಾಲರಿ) ಇರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರನ್ನು ಕೆಂಪಿನವರೆಗೆ ಏರಿಸುವ ಅಗತ್ಯವೇ ಇಲ್ಲ, ಜೋರಾಗಿ ಹಾಡಿದಾಗ ಮೀಟರಿನ ಮೈನಸ್ 10 ಡೆಸಿಬೆಲ್ ಗುರುತು ಮುಟ್ಟಿದರೆ ಸಾಕು.

ಹೆಸರಿನ ವಿಷಯ. ರಚನೆಯ ಹಕ್ಕು ಬೇರೆ, ರೆಕಾರ್ಡಿಂಗ್ ಹಕ್ಕು ಬೇರೆ. ಸಾಹಿತ್ಯ ಯಾರದ್ದು, ರಾಗ ಯಾರದ್ದು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಹಾಡು ಹೊರಬರುವ ಮೊದಲೇ, ಇನ್ನೂ ನಗುನಗುತ್ತಾ ಮಾತಾಡುತ್ತಿರುವಾಗಲೇ.